ಆಯ್ತಪ್ಪ ಟೈಟಾದ ಸಂಗತಿ

ನನ್ನ ಹೆಂಡತಿಯ ತಮ್ಮನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದು ಈಗ ಅವನ ಲೈಸೆನ್ಸಿನ ಮೇಲೆ ಮಾತ್ರ ಉಳಿದಿದೆ. ಮಿಕ್ಕವರಿಗೆಲ್ಲ ಅವನು ಆಯ್ತಪ್ಪ. ಯಾರು ಏನು ಕೇಳಿದರೂ ಮಾತು ಮುಗಿಯುವ ಮೊದಲೇ ‘ಆಯ್ತಪ್ಪ’ ಅನ್ನುವುದು ಅವನ ಹುಟ್ಟುಗುಣ. ಹೆಂಗಸರಾದರೆ ‘ಆಯ್ತಮ್ಮ’, ಯೂನಿಫಾರಂ ಹಾಕಿದವರಾದರೆ ‘ಹೌದು ಸಾರ್’. ಎದುರಿಗಿದ್ದವರಿಗೆ ಬೇಸರ ಆಗಬಾರದು, ಅಷ್ಟೇ ಅವನ ಉದ್ದೇಶ. ಒಮ್ಮೆ ನನ್ನ ಹೆಂಡತಿಯನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ತನ್ನದೇ ಒಂದು ಗಟ್ಟಿ ಹಲ್ಲನ್ನು ಕೀಳಿಸಿಕೊಂಡು ಬಂದ. ಡಾಕ್ಟರು ಇವನ ಕಡೆ ತಿರುಗಿ ‘ಎಡಗಡೆಯದಾ’ ಅಂದರಂತೆ, ಇವನು ‘ಹೌದು ಸಾರ್’ ಅಂದನಂತೆ. ಅಕ್ಕನ ಹಲ್ಲುನೋವು ಮಾತ್ರ ಹಾಗೇ ಇತ್ತು.

ಇಂಥ ಆಯ್ತಪ್ಪ ಇಪ್ಪತ್ತೆರಡು ವರ್ಷದಿಂದ ಕೀಲುನೋವಿನ ಆಸ್ಪತ್ರೆಯ ವ್ಯಾನು ಓಡಿಸುತ್ತಿದ್ದಾನೆ. ಕಾಲು, ಸೊಂಟ, ಮಂಡಿ ಹೋದ ಏಳು ಜನ ವಯಸ್ಸಾದವರನ್ನು ವಾರಕ್ಕೆ ಮೂರು ದಿನ ಮನೆಬಾಗಿಲಿನಿಂದ ಹತ್ತಿಸಿಕೊಂಡು ಹೋಗಿ, ಚಿಕಿತ್ಸೆ ಮುಗಿದ ಮೇಲೆ ಅದೇ ಬಾಗಿಲಿಗೆ ಇಳಿಸುವುದು ಅವನ ಕೆಲಸ. ಬಾಗಿಲು ಅಂದರೆ ಬಾಗಿಲೇ. ಇಳಿದು ಹೋಗಿ, ಹೆಗಲು ಕೊಟ್ಟು, ಮೆಟ್ಟಿಲು ಇಳಿಸಿ, ಕೂರಿಸಿ, ಊರುಗೋಲನ್ನು ಕಾಲಿನ ಪಕ್ಕ ಇಟ್ಟು, ಆಮೇಲೆ ಗಾಡಿ ಬಿಡುತ್ತಾನೆ. ಆ ಏಳು ಜನರಲ್ಲಿ ನಾನೂ ಒಬ್ಬ. ನೀರಿನ ಪಂಪುಮನೆಯಲ್ಲಿ ಫಿಟ್ಟರ್ ಆಗಿ ಮೂವತ್ತಾರು ವರ್ಷ ಕೂತು ಎದ್ದು ಮಾಡಿದ ನನ್ನ ಬಲಮಂಡಿ ಈಗ ಕೂತರೆ ಏಳುವುದಿಲ್ಲ, ಎದ್ದರೆ ಕೂರುವುದಿಲ್ಲ.

ವ್ಯಾನಿಗೂ ನಮ್ಮದೇ ವಯಸ್ಸು ಅನ್ನಬೇಕು. ಅದರ ಸ್ಟೇರಿಂಗಿನಲ್ಲಿ ನಾಲ್ಕು ಬೆರಳು ಆಟ ಇತ್ತು. ಅಂದರೆ ಚಕ್ರವನ್ನು ನಾಲ್ಕು ಬೆರಳಿನಷ್ಟು ಎಡಕ್ಕೆ ತಿರುಗಿಸಿದರೂ ಗಾಡಿಗೆ ಸುದ್ದಿ ಮುಟ್ಟುತ್ತಿರಲಿಲ್ಲ, ಬಲಕ್ಕೆ ತಿರುಗಿಸಿದರೂ ಅಷ್ಟೇ. ಹಾಗಾಗಿ ಆಯ್ತಪ್ಪ ಹಿಟ್ಟು ಜರಡಿ ಹಿಡಿದವನ ಹಾಗೆ ಎರಡು ಕೈಯನ್ನೂ ಸದಾ ಆ ಕಡೆ ಈ ಕಡೆ ಆಡಿಸುತ್ತಲೇ ಇರಬೇಕಾಗಿತ್ತು. ಅಷ್ಟು ಆಡಿಸಿದರೂ ಗಾಡಿ ಸ್ವಲ್ಪ ಓಲಾಡಿಕೊಂಡೇ ಹೋಗುತ್ತಿತ್ತು. ನಾವೆಲ್ಲ ಅದನ್ನು ತೊಟ್ಟಿಲು ಅನ್ನುತ್ತಿದ್ದೆವು. ಅದು ಎಡಕ್ಕೆ ವಾಲುವ ಮೊದಲೇ ನಾವು ಏಳೂ ಜನ ಬಲಕ್ಕೆ ವಾಲಿ ಸರಿ ಮಾಡಿಕೊಳ್ಳುತ್ತಿದ್ದೆವು. ಯಾರೂ ಹೇಳಿಕೊಟ್ಟದ್ದಲ್ಲ, ವರ್ಷಗಳಲ್ಲಿ ಬಂದದ್ದು. ಆಯ್ತಪ್ಪನನ್ನು ಕೇಳಿದರೆ ಗಾಡಿಯಲ್ಲಿ ಏನೂ ಇಲ್ಲ, ರಸ್ತೆಯೇ ಸೊಟ್ಟ ಅನ್ನುತ್ತಿದ್ದ.

ಗುಟ್ಟು ಹೊರಗೆ ಬಿದ್ದದ್ದು ಡಾಕ್ಟರಮ್ಮನಿಂದ. ಆಸ್ಪತ್ರೆಗೆ ಅವರೇ ಮುಖ್ಯ. ಕಡಿಮೆ ಮಾತಿನ, ಪ್ರತಿಯೊಂದನ್ನೂ ಬರೆದಿಡುವ ಹೆಂಗಸು. ವ್ಯಾನಿನಲ್ಲಿ ಬರುವ ರೋಗಿಗಳಿಗೆ ಮಾತ್ರ ಕುತ್ತಿಗೆ ಬಲಕ್ಕೆ ವಾಲಿದೆ ಅನ್ನುವುದು ಅವರ ಪುಸ್ತಕದಲ್ಲಿ ಸಿಕ್ಕಿತಂತೆ. ಮೂರು ವರ್ಷ ಅವರು ಅದಕ್ಕೆ ಮುಲಾಮು ಕೊಟ್ಟಿದ್ದರು. ಒಂದು ಸೋಮವಾರ ಕಾರಣ ನೋಡೇಬಿಡೋಣ ಅಂತ ವ್ಯಾನಿನಲ್ಲಿ ಒಂದು ಸುತ್ತು ಬಂದರು. ಇಳಿದವರು ಕಂಬ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು.

ಆಮೇಲೆ ಆಯ್ತಪ್ಪನನ್ನು ಕರೆದು ಹೇಳಿದರು. ಶುಕ್ರವಾರ ಗಾಡಿಯ ವರ್ಷದ ತಪಾಸಣೆ ಇದೆ. ಅದರೊಳಗೆ ಸ್ಟೇರಿಂಗ್ ಟೈಟ್ ಆಗಬೇಕು. ತಪಾಸಣೆಯಲ್ಲಿ ಫೇಲಾದರೆ ಗಾಡಿಯನ್ನು ಗುಜರಿಗೆ ಹಾಕಿ, ಹೊರಗಿನ ಗುತ್ತಿಗೆದಾರನ ಮಿನಿಬಸ್ಸು ಗೊತ್ತು ಮಾಡುತ್ತೇವೆ. ಬಸ್ಸಿನ ಜೊತೆ ಅವನದೇ ಡ್ರೈವರ್ ಬರುತ್ತಾನೆ. ಬಸ್ಸು ಮುಖ್ಯರಸ್ತೆಯಲ್ಲಿ ಮಾತ್ರ ನಿಲ್ಲುತ್ತದೆ.

ಆಯ್ತಪ್ಪ ‘ಆಯ್ತಮ್ಮ’ ಅಂದ.

ಈ ಸುದ್ದಿ ವ್ಯಾನಿಗೂ ಬಂತು. ನಮ್ಮ ಏಳು ಜನರಲ್ಲಿ ಒಬ್ಬರಾದ ಹೊಲಿಗೆ ಟೀಚರಮ್ಮ ಕಿಟಕಿಯಾಚೆ ನೋಡುತ್ತ ಒಂದು ಮಾತು ಹೇಳಿದರು. ಅವರು ಹೆಣ್ಣುಮಕ್ಕಳಿಗೆ ಮೂವತ್ತು ವರ್ಷ ಹೊಲಿಗೆ ಕಲಿಸಿದವರು. ಈಗ ಎಡಗಾಲಿಗೆ ಮಂಡಿಯಿಂದ ಕೆಳಗೆ ಕಬ್ಬಿಣದ ಪಟ್ಟಿ. ಊರುಗೋಲು ಬೇಡ ಅಂತ ಹಟ ಹಿಡಿದು, ತಮ್ಮ ಹಳೆಯ ಮರದ ಅಳತೆಕೋಲನ್ನೇ ಊರಿಕೊಂಡು ನಡೆಯುತ್ತಾರೆ.

“ನಮ್ಮನೆ ಬಾಗಿಲಿಂದ ಮುಖ್ಯರಸ್ತೆಗೆ ನಾನೂರ ಹನ್ನೆರಡು ಹೆಜ್ಜೆ,” ಅಂದರು. “ನನ್ನ ಕೈಲಾಗೋದು ನಲವತ್ತು.”

ಮಿಕ್ಕ ಲೆಕ್ಕವನ್ನು ಯಾರೂ ಮಾಡಲಿಲ್ಲ.

ಬುಧವಾರ ಬೆಳಗ್ಗೆ ರೋಗಿಗಳನ್ನು ಹತ್ತಿಸುವ ಮೊದಲೇ ಆಯ್ತಪ್ಪ ಗಾಡಿಯನ್ನು ನಮ್ಮ ಮನೆ ಮುಂದೆ ತಂದು ನಿಲ್ಲಿಸಿದ. ಸಲಕರಣೆ ನನ್ನದು, ಕೈ ಅವನದು. ನಾನು ಸ್ಟೂಲಿನ ಮೇಲೆ ಕೂತು ಹೇಳುತ್ತ ಹೋದೆ. ಸ್ಟೇರಿಂಗ್ ಬಾಕ್ಸಿನ ನೆತ್ತಿಯ ಮೇಲೆ ಒಂದು ಸ್ಕ್ರೂ, ಅದನ್ನು ಹಿಡಿದುಕೊಂಡಿರುವ ಒಂದು ನಟ್ಟು. ನಟ್ಟು ಸಡಿಲಿಸಿ, ಸ್ಕ್ರೂ ಸ್ವಲ್ಪ ಒಳಗೆ ತಿರುಗಿಸಿ, ಸ್ಕ್ರೂ ಅಲುಗದ ಹಾಗೆ ಹಿಡಿದು ಮತ್ತೆ ನಟ್ಟು ಬಿಗಿಯಬೇಕು. ಕೆಲಸ ಇಷ್ಟೇ. ಆದರೆ ಮುಂದಿನ ಗಾಲಿಗಳು ನೇರ ಇರಬೇಕು. ತಿರುಗಿಸಿಟ್ಟು ಬಿಗಿ ಮಾಡಿದರೆ ಆಮೇಲೆ ನೇರಕ್ಕೆ ಬಂದಾಗ ಒಳಗಿನ ಹಲ್ಲುಚಕ್ರಗಳು ಕಚ್ಚಿಕೊಳ್ಳುತ್ತವೆ. ಗಾಲಿ ನೇರ ಮಾಡು ಅನ್ನುವಷ್ಟರಲ್ಲಿ ಅವನು ‘ಆಯ್ತು ಭಾವ’ ಅಂದು ನಟ್ಟು ಬಿಚ್ಚಿಬಿಟ್ಟಿದ್ದ. ಗಾಲಿ ಮೋರಿಯ ಕಡೆ ನೋಡುತ್ತಿತ್ತು. ಎಲ್ಲವನ್ನೂ ಮೊದಲಿಂದ ಮಾಡಿಸಿದೆ.

“ಒಂದು ಕ್ವಾರ್ಟರ್ ಸುತ್ತು ಸಾಕು,” ಅಂದೆ. “ಜಾಸ್ತಿ ಬೇಡ.”

ಕ್ವಾರ್ಟರಿಗಿಂತ ಒಂದು ಕೂದಲೆಳೆ ಮೇಲಾಯಿತು. ಬಾಕ್ಸಿನ ಬಿರಟೆ ತೆಗೆದು ನೋಡಿದರೆ ಒಳಗೆ ಎಣ್ಣೆಯ ಪಸೆ ಕೂಡ ಇರಲಿಲ್ಲ. ನನ್ನ ಡಬ್ಬಿಯಿಂದ ತುಂಬಿಸಿದೆ. ಆಟ ನಾಲ್ಕು ಬೆರಳಿನಿಂದ ಒಂದು ಬೆರಳಿಗೆ ಇಳಿಯಿತು. ಚಕ್ರ ತಿರುಗಿಸಿ ಬಿಟ್ಟರೆ ತಾನೇ ನಡುವಿಗೆ ಬರುತ್ತಿತ್ತು. ಇಷ್ಟು ಒಳ್ಳೆಯ ಕೆಲಸವನ್ನು ನಾನು ಪಂಪುಮನೆ ಬಿಟ್ಟ ಮೇಲೆ ಮಾಡಿರಲಿಲ್ಲ. ಸಂತೋಷದಿಂದ ಮುಂದಿನ ಸೀಟಿನಲ್ಲಿ ಕೂತೆ.

ನಾವಿಬ್ಬರೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ಆಯ್ತಪ್ಪನ ಕೈ.

ಗಾಡಿ ಟೈಟಾಗಿದೆ ಅನ್ನುವುದು ಗಾಡಿಗೆ ಗೊತ್ತು, ನನಗೆ ಗೊತ್ತು. ಇಪ್ಪತ್ತೆರಡು ವರ್ಷದಿಂದ ಜರಡಿ ಹಿಡಿಯುತ್ತಿದ್ದ ಆ ಎರಡು ಕೈಗಳಿಗೆ ಯಾರು ಹೇಳಬೇಕು. ಅವು ಎಂದಿನಂತೆ ನಾಲ್ಕು ಬೆರಳು ಎಡಕ್ಕೆ, ನಾಲ್ಕು ಬೆರಳು ಬಲಕ್ಕೆ ಹೋದವು. ಈಗ ಗಾಡಿ ಪ್ರತಿಯೊಂದನ್ನೂ ಕೇಳಿಸಿಕೊಂಡಿತು. ಮನೆಮನೆಗೂ ನಿಧಾನವಾಗಿ ಹೋಗಿ ಜನರನ್ನು ಹತ್ತಿಸಿಕೊಳ್ಳುವವರೆಗೆ ಅಷ್ಟಾಗಿ ತಿಳಿಯಲಿಲ್ಲ. ದೊಡ್ಡ ರಸ್ತೆಗೆ ಬಂದು ವೇಗ ಏರಿದ ಮೇಲೆ ಹಾವು ಹರಿದ ಹಾಗೆ ಹೊರಟೆವು. ಎದುರಿಗೆ ಬಂದ ಸೈಕಲ್ಲಿನವನು ಯಾವ ಕಡೆ ಹೋಗಲಿ ಎಂದು ನೋಡಿ ನೋಡಿ, ಕೊನೆಗೆ ಸೈಕಲ್ಲು ಬಿಟ್ಟು ಒಂದು ಅಂಗಡಿಯೊಳಗೆ ಹೋದ.

ನಾಲ್ಕು ರಸ್ತೆ ಸೇರುವಲ್ಲಿ ಪೊಲೀಸ್ ಪೇದೆ ಕೈ ಅಡ್ಡ ಹಿಡಿದ. ಕಿಟಕಿಯ ಹತ್ತಿರ ಬಂದು ಆಯ್ತಪ್ಪನ ಮುಖವನ್ನೇ ನೋಡಿ, ಮೆಲ್ಲಗೆ, ಗೌರವದಿಂದಲೇ ಕೇಳಿದ.

“ಏನಪ್ಪ, ಟೈಟಾ?”

“ಹೌದು ಸಾರ್,” ಅಂದ ಆಯ್ತಪ್ಪ. “ಬೆಳಗ್ಗೆ ತಾನೇ ಟೈಟ್ ಆಗಿದ್ದು.”

“ಎಷ್ಟು?”

“ಒಂದು ಕ್ವಾರ್ಟರ್ ಸಾರ್. ಸ್ವಲ್ಪ ಮೇಲೇ ಆಗಿರಬಹುದು.”

ಪೇದೆ ಪುಸ್ತಕ ತೆಗೆದ. ದಿನಾ ಹೀಗೇನಾ ಅಂತ ಕೇಳಿದ್ದಕ್ಕೆ ಆಯ್ತಪ್ಪ, ಇಲ್ಲ ಸಾರ್, ಇಪ್ಪತ್ತೆರಡು ವರ್ಷ ಲೂಸಾಗೇ ಇತ್ತು, ಇವತ್ತೇ ಮೊದಲು ಅಂದ. ಯಾರು ಮಾಡಿಸಿದ್ದು ಅಂದಾಗ ನನ್ನ ಕಡೆ ಹೆಮ್ಮೆಯಿಂದ ಕೈ ತೋರಿಸಿ, ನಮ್ಮ ಭಾವ ಸಾರ್, ಪಕ್ಕದಲ್ಲೇ ಕೂತು ಇಷ್ಟು ಸಾಕು ಇಷ್ಟು ಸಾಕು ಅಂತ ಹೇಳಿ ಮಾಡಿಸಿದ್ದು ಅಂದ. ಯಾಕೆ ಬೇಕಿತ್ತು ಇದೆಲ್ಲ ಅಂದಾಗ, ಡಾಕ್ಟರಮ್ಮ ಶುಕ್ರವಾರದೊಳಗೆ ಟೈಟ್ ಆಗಲೇಬೇಕು ಅಂದಿದ್ದಾರೆ, ಇಲ್ಲದಿದ್ದರೆ ಕೆಲಸ ಹೋಗುತ್ತೆ ಸಾರ್ ಅಂದ.

ನಾನು ಯಾಕೆ ಸುಮ್ಮನಿದ್ದೆ ಎಂದು ಆಮೇಲೆ ಎಲ್ಲರೂ ಕೇಳಿದರು. ಅವನು ಹೇಳಿದ್ದರಲ್ಲಿ ನನಗೆ ಒಂದು ತಪ್ಪೂ ಕಾಣಲಿಲ್ಲ. ಪೊಲೀಸನಾದರೂ ಗಾಡಿಯ ಕೆಲಸದಲ್ಲಿ ಎಷ್ಟು ಆಸಕ್ತಿ ಇದೆ ಎಂದುಕೊಂಡು ಕೂತಿದ್ದೆ.

ಪೇದೆ ಅವನನ್ನು ಇಳಿಸಿ, ರಸ್ತೆಯ ಬಿಳಿಗೆರೆಯ ಮೇಲೆ ಕೈ ಮುಂದೆ ಚಾಚಿಕೊಂಡು ನಡೆಯುವುದಕ್ಕೆ ಹೇಳಿದ. ಕೈ ಮುಂದೆ ಚಾಚಿದ್ದೇ ತಪ್ಪಾಯಿತು. ಕೈ ಮುಂದಕ್ಕೆ ಬಂದದ್ದೇ ಅವು ತಮ್ಮ ಕೆಲಸ ಶುರು ಮಾಡಿದವು. ಕೈ ಹೋದ ಕಡೆ ಹೋಗಿಯೇ ಅಭ್ಯಾಸವಾದ ಕಾಲುಗಳು ಹಿಂದೆಯೇ ಹೋದವು. ಕಿಟಕಿಗಳಲ್ಲಿ ಆರು ಮುಖಗಳು ನೋಡುತ್ತಿದ್ದವು. ಗೆರೆ ಮುಗಿಯುವಷ್ಟರಲ್ಲಿ ಆಯ್ತಪ್ಪ ರಸ್ತೆಯ ಆಚೆ ಬದಿಯಲ್ಲಿದ್ದ.

ಪೇದೆ ಬೀಗದ ಕೈ ಕಿತ್ತುಕೊಂಡು, ಆಯ್ತಪ್ಪನನ್ನು ಹಿಂದೆ ಕೂರಿಸಿ, ತಾನೇ ಗಾಡಿ ಓಡಿಸಿ ನಮ್ಮನ್ನು ಆಸ್ಪತ್ರೆಗೆ ಮುಟ್ಟಿಸಿದ. ಗಾಡಿ ದಾರ ಎಳೆದ ಹಾಗೆ ನೇರ ಹೋಯಿತು. ಅಭ್ಯಾಸಬಲದಿಂದ ನಾವು ಏಳೂ ಜನ ಬಲಕ್ಕೆ ವಾಲಿದೆವು. ತಡೆಯುವುದಕ್ಕೆ ಎದುರು ಏನೂ ಇಲ್ಲದೆ ಒಬ್ಬರ ಮೇಲೊಬ್ಬರು ಬಿದ್ದೆವು. ಅದನ್ನೂ ಅವನು ಕನ್ನಡಿಯಲ್ಲಿ ನೋಡಿ, ಗಾಡಿ ನಿಲ್ಲಿಸಿದ ಮೇಲೆ ಏನೋ ಬರೆದುಕೊಂಡ.

ನಮ್ಮ ಬೀದಿಯ ಪೋಸ್ಟ್‌ಮ್ಯಾನ್ ಕಾಗದಕ್ಕಿಂತ ಮೊದಲು ಸುದ್ದಿ ಮುಟ್ಟಿಸುವ ಮನುಷ್ಯ. ನಾನು ಮಧ್ಯಾಹ್ನ ಆಟೋದಲ್ಲಿ ಮನೆಗೆ ಬರುವ ಹೊತ್ತಿಗೆ ನನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಊಟಕ್ಕೆ ಕರೆಯಲಿಲ್ಲ. ಕೂತುಕೊಳ್ಳಿ ಅಂದಳು.

“ಎಣ್ಣೆ ಎಲ್ಲಿಟ್ಟಿದ್ದೀರ?”

“ಸಲಕರಣೆ ಪೆಟ್ಟಿಗೇಲಿ. ಕೆಳಗಿನ ಅರೆಯಲ್ಲಿ, ಬಟ್ಟೆ ಸುತ್ತಿ.”

“ಎಷ್ಟು ವರ್ಷದಿಂದ?”

“ಕೆಲಸಕ್ಕೆ ಸೇರಿದಾಗಿಂದ. ಎಣ್ಣೆ ಇಲ್ಲದೆ ನಾನು ಯಾವ ಕೆಲಸ ಮಾಡಿದ್ದೀನಿ ಹೇಳು.”

ಅವಳು ಗೋಡೆ ಹಿಡಿದುಕೊಂಡಳು. “ನನ್ನ ತಮ್ಮನಿಗೂ ಹಾಕಿದ್ರಾ?”

“ಹಾಕದೆ ಬಿಡೋಕಾಗುತ್ತಾ. ಪೂರ್ತಿ ಒಣಗಿಹೋಗಿತ್ತು. ಕುತ್ತಿಗೆವರೆಗೂ ತುಂಬಿಸಿದೆ.”

ಮದುವೆಯಾಗಿ ನಲವತ್ತನಾಲ್ಕು ವರ್ಷಕ್ಕೆ ಅವಳು ಮೊದಲ ಸಲ ನನ್ನ ಕೆಲಸದ ಬಗ್ಗೆ ಇಷ್ಟು ವಿಚಾರಿಸಿದ್ದು. ನನಗೆ ಹಿತವೆನಿಸಿತು. ಸಂಜೆ ನೋಡಿದರೆ ಎಣ್ಣೆ ಡಬ್ಬಿ ಬರಿದಾಗಿ ಬಚ್ಚಲ ಹತ್ತಿರ ಬೋರಲು ಬಿದ್ದಿತ್ತು. ಪೆಟ್ಟಿಗೆ ಅವಳ ಮಂಚದ ಕೆಳಗೆ ಹೋಗಿ, ಅದಕ್ಕೆ ಬೀಗ ಬಿದ್ದಿತ್ತು. ಯಾಕೆ ಅಂದೆ. ಅವಳು ಮುಖ ಆಚೆ ತಿರುಗಿಸಿ, ಈ ವಯಸ್ಸಿನಲ್ಲಿ ನನ್ನ ಬಾಯಲ್ಲಿ ಅದನ್ನ ಹೇಳಿಸಬೇಡಿ ಅಂದಳು. ನಾನು ಹೇಳಿಸಲಿಲ್ಲ.

ಗುರುವಾರ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ವ್ಯಾನಿನ ಬೀಗದ ಕೈ ಇತ್ತು. ಪಕ್ಕದಲ್ಲಿ ಪೇದೆ ನಿಂತಿದ್ದ. ಬಾಗಿಲ ಹೊರಗಿನ ಬೆಂಚಿನ ಮೇಲೆ ಹೊಲಿಗೆ ಟೀಚರಮ್ಮ ಕೂತಿದ್ದರು. ಅವತ್ತು ಅವರ ಚಿಕಿತ್ಸೆಯ ದಿನ ಅಲ್ಲ. ಪೋಸ್ಟ್‌ಮ್ಯಾನನ ಸೈಕಲ್ಲಿನ ಹಿಂದೆ ಕೂತು ಬಂದಿದ್ದರಂತೆ.

ಡಾಕ್ಟರಮ್ಮ ಪೇದೆಯ ವರದಿಯನ್ನು ಓದಿದರು. ಚಾಲಕನು ತಾನು ಟೈಟ್ ಆಗಿದ್ದನ್ನು ಸ್ವಂತ ಇಚ್ಛೆಯಿಂದ ಒಪ್ಪಿಕೊಂಡಿರುತ್ತಾನೆ. ಪ್ರಮಾಣ, ಒಂದು ಕ್ವಾರ್ಟರ್‌ಗಿಂತ ಮೇಲೆ. ಮಾಡಿಸಿದವರು ಅಕ್ಕನ ಗಂಡ. ಕಾರಣ, ಆಸ್ಪತ್ರೆಯ ಡಾಕ್ಟರಮ್ಮನವರ ಒತ್ತಾಯ. ಪ್ರಯಾಣಿಕರೂ ಅದೇ ಸ್ಥಿತಿಯಲ್ಲಿರುವಂತೆ ಕಂಡುಬಂತು.

ಕೊನೆಯ ಎರಡು ಸಾಲನ್ನು ಅವರು ಎರಡು ಸಲ ಓದಿದರು.

“ಯಜಮಾನ್ರೇ,” ಅಂದರು ನನಗೆ, “ನಿಮ್ಮ ಬಗ್ಗೆ ನನಗೆ ಗೌರವ ಇತ್ತು. ಬೆಳಗ್ಗೆ ಬೆಳಗ್ಗೆ ಡ್ರೈವರಿಗೆ ಕುಡಿಸಿದ್ದೀರಲ್ಲ.”

ಕುಡಿಸುವುದು ಅನ್ನುವ ಮಾತು ಬಿದ್ದದ್ದು ಆಗ ಮೊದಲು. ನನ್ನದು ನಿಧಾನದ ತಲೆ. ಆ ಮಾತನ್ನು ಹಿಡಿದುಕೊಂಡು ಹಿಂದಕ್ಕೆ ಹೋದೆ. ಟೈಟು ಸಿಕ್ಕಿತು, ಕ್ವಾರ್ಟರ್ ಸಿಕ್ಕಿತು, ಕೊನೆಗೆ ಮಂಚದ ಕೆಳಗಿನ ಪೆಟ್ಟಿಗೆಯೂ ಸಿಕ್ಕಿತು. ಅಷ್ಟರಲ್ಲಿ ಡಾಕ್ಟರಮ್ಮ ಆಯ್ತಪ್ಪನಿಗೆ, ಹಾಗಾದರೆ ಇವತ್ತಿಗೇ ನಿನ್ನ ಲೆಕ್ಕ ಮುಗಿಸೋಣ ಅನ್ನುತ್ತಿದ್ದರು. ಅವನು ‘ಆಯ್ತಮ್ಮ’ ಅನ್ನುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು. ಆದರೂ ಅವರಿಗೆ ಬೇಸರ ಆಗಬಾರದಲ್ಲ.

ನಾನು ಜೀವಮಾನದಲ್ಲಿ ದೊಡ್ಡವರ ಮುಂದೆ ಮಾತಾಡಿದವನಲ್ಲ. ಬುಧವಾರದಿಂದ ಜೇಬಿನಲ್ಲೇ ಉಳಿದಿದ್ದ ಸ್ಕ್ರೂಡ್ರೈವರ್ ತೆಗೆದು ಮೇಜಿನ ಮೇಲಿಟ್ಟೆ.

“ಕುಡಿಸಿದ್ದು ಇದರಲ್ಲಿ ತಾಯಿ. ಬನ್ನಿ, ತೋರಿಸ್ತೀನಿ.”

ಎಲ್ಲರೂ ಅಂಗಳಕ್ಕೆ ಬಂದೆವು. ವ್ಯಾನಿನ ಬಾನೆಟ್ಟು ಎತ್ತಿ ಸ್ಕ್ರೂ ತೋರಿಸಿದೆ, ನಟ್ಟು ತೋರಿಸಿದೆ, ಕ್ವಾರ್ಟರ್ ಅಂದರೆ ಎಷ್ಟು ಅಂತ ತಿರುಗಿಸುವ ಹಾಗೆ ಮಾಡಿ ತೋರಿಸಿದೆ, ಬಿರಟೆ ತೆಗೆದು ಎಣ್ಣೆ ಮೂಸಿಸಿದೆ. ಪೇದೆ ಬಾನೆಟ್ಟಿನ ಕೆಳಗೆ ಬಗ್ಗಿದವನು ಬಹಳ ಹೊತ್ತು ಮೇಲೇಳಲಿಲ್ಲ. ಎದ್ದಾಗ ಅವನ ಕಿವಿ ಕೆಂಪಗಾಗಿತ್ತು. ವರದಿ ವಾಪಸ್ ಕೇಳಿ, ಗಾಡಿಯ ಮೇಲೇ ಇಟ್ಟುಕೊಂಡು, ಕೊನೆಯಲ್ಲಿ ಒಂದು ಸಾಲು ಸೇರಿಸಿದ. ಮೇಲ್ಕಂಡ ಟೈಟ್ ವಾಹನಕ್ಕೆ ಮಾತ್ರ ಸಂಬಂಧಿಸಿದ್ದು.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಡಾಕ್ಟರಮ್ಮ ಮಾತ್ರ ನಗಲಿಲ್ಲ. ಪೇದೆ ಓಡಿಸಿದಾಗ ನೇರ ಹೋದ ಗಾಡಿ ಇವನ ಕೈಯಲ್ಲಿ ಯಾಕೆ ಸೊಟ್ಟ ಹೋಯಿತು ಅಂತ ಕೇಳಿದರು. ನಾನು ಕೈಯ ವಿಷಯ ಹೇಳಿದೆ. ಅವರು ಆಯ್ತಪ್ಪನಿಗೆ ಕೈ ಮುಂದೆ ಚಾಚುವುದಕ್ಕೆ ಹೇಳಿ, ಅವು ಗಾಳಿಯಲ್ಲಿ ಜರಡಿ ಹಿಡಿಯುವುದನ್ನು ಗಡಿಯಾರ ಹಿಡಿದು ನೋಡಿದರು.

“ನೀನು ಕುಡಿದಿಲ್ಲ ಅನ್ನೋದು ಸಂತೋಷ,” ಅಂದರು. “ಆದ್ರೆ ಕುಡಿದಿದ್ರೆ ನಾಳೆ ಹೊತ್ತಿಗೆ ಇಳಿದಿರ್ತಿತ್ತು. ಇದು ಇಳಿಯೋದಲ್ಲ. ಈ ಕೈಗೆ ಏಳು ಜನರನ್ನ ನಾನು ಹೇಗಪ್ಪ ಒಪ್ಪಿಸಲಿ?”

ಅದಕ್ಕೆ ನನ್ನ ಹತ್ತಿರ ಸ್ಕ್ರೂಡ್ರೈವರ್ ಇರಲಿಲ್ಲ. ನಾಳೆ ತಪಾಸಣೆಯಲ್ಲಿ ಡ್ರೈವರೇ ಗಾಡಿಯನ್ನು ಬಿಳಿಗೆರೆಯ ಮೇಲೆ ಓಡಿಸಿ ತೋರಿಸಬೇಕು. ಆಯ್ತಪ್ಪ ತನ್ನ ಕೈಗಳನ್ನು ಯಾರದೋ ಕೈಗಳನ್ನು ನೋಡುವ ಹಾಗೆ ನೋಡುತ್ತ ನಿಂತ.

ಆಗ ಬೆಂಚಿನ ಕಡೆಯಿಂದ ಅಳತೆಕೋಲು ನೆಲಕ್ಕೆ ಎರಡು ಸಲ ಬಡಿಯಿತು.

“ಇಲ್ಲಿ ಬಾರೋ,” ಅಂದರು ಹೊಲಿಗೆ ಟೀಚರಮ್ಮ.

“ಆಯ್ತು ಟೀಚರಮ್ಮ.”

“ನಾನಿನ್ನೂ ಏನೂ ಹೇಳಿಲ್ಲ. ಮೊದಲು ಕೇಳಿಸ್ಕೊ, ಆಮೇಲೆ ಆಯ್ತು ಅನ್ನು.”

ಅವನು ಬಾಯಿ ಮುಚ್ಚಿಕೊಂಡು ನಿಂತ. ನಾನು ನೋಡಿದ ಹಾಗೆ ಅದು ಮೊದಲ ಸಲ.

“ಹೊಸದಾಗಿ ಹೊಲಿಗೆಗೆ ಬರೋರೆಲ್ಲ ಬಟ್ಟೆನ ಬಿಗಿಯಾಗಿ ಹಿಡ್ಕೊಂಡು ಆ ಕಡೆ ಈ ಕಡೆ ಎಳೀತಾರೆ. ಹೊಲಿಗೆ ಹಾವು ಹೋದ ಹಾಗೆ ಬರುತ್ತೆ. ಬಟ್ಟೆನ ಮಿಷನ್ ತಾನೇ ಎಳ್ಕೊಂಡು ಹೋಗುತ್ತೆ ಕಣೋ. ಎರಡು ಬೆರಳಿಟ್ಟು ದಾರಿ ತೋರಿಸೋದು, ಅಷ್ಟೇ ನಿನ್ನ ಕೆಲಸ. ಮಿಷನ್ ಟೈಟಾಗಿರಬೇಕು, ಕೈ ಲೂಸಾಗಿರಬೇಕು. ಈಗ ಅನ್ನು.”

“ಆಯ್ತು,” ಅಂದ ಅವನು.

ಡಾಕ್ಟರಮ್ಮ ಆಸ್ಪತ್ರೆಯ ಹಿಂದಿನ ಸಿಮೆಂಟು ಅಂಗಳವನ್ನು ಬಿಟ್ಟುಕೊಟ್ಟರು. ಟೀಚರಮ್ಮ ಚೀಲದಿಂದ ಬಟ್ಟೆಗೆ ಗುರುತು ಹಾಕುವ ಬಳಪ ತೆಗೆದು ಕೊಟ್ಟರು. ಆಯ್ತಪ್ಪ ಸಿಮೆಂಟಿನ ಮೇಲೆ ಗೆರೆ ಎಳೆದ. ಅವನು ಎಳೆದ ಗೆರೆಯೂ ಸೊಟ್ಟವಾಗಿತ್ತು. ಅದನ್ನು ಅಳಿಸಿ, ಅಳತೆಕೋಲು ಇಟ್ಟು ಮತ್ತೆ ಎಳೆಯಿಸಿದರು. ಆಮೇಲೆ ಟೀಚರಮ್ಮ ಅವನ ಪಕ್ಕದ ಸೀಟಿನಲ್ಲಿ ಕೂತು, ಕೋಲನ್ನು ಅವನ ಮಣಿಕಟ್ಟಿನ ಮೇಲೆ ಅಡ್ಡ ಇಟ್ಟರು. ಕೈ ಅಲುಗಿದರೆ ಕೋಲು ಟಕ್ ಅನ್ನುತ್ತಿತ್ತು. ಮೊದಲ ಸುತ್ತಿನಲ್ಲಿ ಎರಡು ಹೂಕುಂಡ ಹೋದವು. ಎರಡನೆಯದರಲ್ಲಿ ಒಂದು. ಕುಂಡ ಮುಗಿದ ಮೇಲೆ ಲೆಕ್ಕ ಇಡುವುದು ಕಷ್ಟವಾಯಿತು. ಆದರೂ ಹೊತ್ತು ಇಳಿಯುವ ವೇಳೆಗೆ ಟಕ್ ಟಕ್ ಅನ್ನುವುದು ದೂರ ದೂರವಾಗಿತ್ತು.

ಶುಕ್ರವಾರ ತಪಾಸಣೆಯ ಅಂಗಳ. ಇನ್ಸ್‌ಪೆಕ್ಟರು ಚಕ್ರ ಅಲುಗಿಸಿ ನೋಡಿ, ಆಟ ಒಂದು ಬೆರಳು ಎಂದು ಬರೆದುಕೊಂಡರು. ಬಾಕ್ಸಿಗೆ ಕೈ ಇಟ್ಟು, ಯಾರ ಕೆಲಸ ಇದು ಅಂತ ಕೇಳಿದರು. ಆಯ್ತಪ್ಪ ಅವರ ಪ್ರಶ್ನೆ ಮುಗಿಯುವವರೆಗೆ ಕಾದು, ಮುಗಿದಿದೆಯೇ ಎಂದು ಇನ್ನೊಂದು ಕ್ಷಣ ಕಾದು, ನನ್ನ ಹೆಸರು ಹೇಳಿದ. ಆಮೇಲೆ ಗೆರೆಯ ಮೇಲೆ ಓಡಿಸುವ ಸರದಿ. ಡ್ರೈವರ್ ಒಬ್ಬನೇ ಇರಬೇಕು ಅಂತ ಅವರು ಟೀಚರಮ್ಮನನ್ನು ಇಳಿಸಿಬಿಟ್ಟರು.

ಗಾಡಿ ಹೊರಟಿತು. ಅರ್ಧದವರೆಗೆ ಚೆನ್ನಾಗಿಯೇ ಹೋಯಿತು. ಆಮೇಲೆ ಮುಂದಿನ ಗಾಲಿ ಸಣ್ಣಗೆ ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು. ಕೈಗೆ ಹಳೆಯದು ನೆನಪಾಗುತ್ತಿತ್ತು. ಇನ್ಸ್‌ಪೆಕ್ಟರು ಪೆನ್ನು ಬಿಚ್ಚಿದರು.

ಬೇಲಿಯ ಹತ್ತಿರ ನಿಂತಿದ್ದ ಟೀಚರಮ್ಮ ಕಬ್ಬಿಣದ ಕಂಬಕ್ಕೆ ಅಳತೆಕೋಲಿನಿಂದ ಒಂದೇ ಏಟು ಹಾಕಿದರು. ಟಕ್ ಅಂತ ಇಡೀ ಅಂಗಳಕ್ಕೆ ಕೇಳಿಸಿತು.

ಕಿಟಕಿಯಲ್ಲಿ ಆಯ್ತಪ್ಪನ ಕೈ ಕಾಣುತ್ತಿತ್ತು. ಮೂರು ಬೆರಳು ಚಕ್ರವನ್ನು ಬಿಟ್ಟು ಮೇಲೆ ಎದ್ದವು. ಎರಡು ಉಳಿದವು. ಗಾಡಿ ಗೆರೆಗೆ ಬಂದು ಕೂತಿತು. ಕೊನೆಯವರೆಗೂ ಅಲುಗಲಿಲ್ಲ.

ಕಾಗದಕ್ಕೆ ಮೊಹರು ಬಿದ್ದ ಮೇಲೆ ಟೀಚರಮ್ಮ ಕೋಲು ಮುರಿದಿರುವುದನ್ನು ನೋಡಿಕೊಂಡರು. ಅವರು ಗಾಡಿಯವರೆಗೆ ನಡೆಯುವುದಕ್ಕೆ ಊರಿಕೊಳ್ಳಲು ಏನೂ ಇರಲಿಲ್ಲ. ಆಯ್ತಪ್ಪ ಇಳಿದು ಬಂದು ಎಂದಿನಂತೆ ಹೆಗಲು ಕೊಟ್ಟ.

ಸೋಮವಾರ ನಾವು ಏಳೂ ಜನ ಗಾಡಿಯಲ್ಲಿದ್ದೆವು. ನಾಲ್ಕು ರಸ್ತೆ ಸೇರುವಲ್ಲಿ ಅದೇ ಪೇದೆ ಕೈ ಅಡ್ಡ ಹಿಡಿದ. ಗಾಡಿ ನೇರವಾಗಿ ಬಂದು ನೇರವಾಗಿ ನಿಂತಿತು. ಅವನು ಕಿಟಕಿಗೆ ಬಂದು, ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದ.

“ಏನಪ್ಪ, ಇವತ್ತೂ ಟೈಟಾ?”

ಆಯ್ತಪ್ಪ ಕಾದ. ಪ್ರಶ್ನೆ ಪೂರ್ತಿ ಮುಗಿದದ್ದು ಖಚಿತವಾದ ಮೇಲೆ ಎರಡು ಬೆರಳನ್ನು ಚಕ್ರದ ಮೇಲಿಂದ ಎತ್ತಿ ತೋರಿಸಿದ.

“ಗಾಡಿ ಟೈಟು ಸಾರ್,” ಅಂದ. “ನಾನು ಲೂಸು.”

ಪೇದೆ ಅದನ್ನು ಬರೆದುಕೊಳ್ಳಲಿಲ್ಲ. ನಾವು ಏಳೂ ಜನ ಬಲಕ್ಕೆ ವಾಲಿದೆವು, ಗಾಡಿ ಹೊರಟಿತು.